ಟೋಕನ್ ನಂಬರ್ 47ರಿಂದ, ಗಣಿತದ ಪುಸ್ತಕ ಬರೆಯುವವರಿಗೆ



ನಿನ್ನೆ ಪಹಣಿ ತಿದ್ದುಪಡಿಗೆಂದು ಕಚೇರಿಯೊಂದರಲ್ಲಿ ಬೆಳಿಗ್ಗೆ ಹತ್ತರಿಂದ ಕೂತಿದ್ದೆ. ಕೈಯಲ್ಲಿ ಟೋಕನ್ 47, ಕಿಟಕಿಯಲ್ಲಿ 'ಸರ್ವರ್ ಡೌನ್' ಚೀಟಿ, ಚೀಲದಲ್ಲಿ ಅನಂತದ ಬಗ್ಗೆ ನೀವು ಬರೆದ ಪುಸ್ತಕ. ಅನಂತವನ್ನು ಓದಲು ಇದಕ್ಕಿಂತ ಪ್ರಶಸ್ತ ಜಾಗ ಉಂಟೆ!

ಹಿಲ್ಬರ್ಟ್ ಹೋಟೆಲಿನ ಕತೆ ಚೆನ್ನಾಗಿಯೇ ಹೇಳಿದ್ದೀರಿ. ಅನಂತ ಕೋಣೆಗಳೆಲ್ಲ ಭರ್ತಿ, ಹೊಸಬ ಬಂದರೆ ಎಲ್ಲರೂ ಒಂದೊಂದು ಕೋಣೆ ಸರಿದರಾಯಿತು, ಮೊದಲನೆಯದು ಖಾಲಿ. ನಮ್ಮಲ್ಲೂ ಅಷ್ಟೇ: ಸಾಹೇಬರ ಕಡೆಯವರು ಬಂದರೆ ನಾವೆಲ್ಲ ಒಂದೊಂದು ಹೆಜ್ಜೆ ಹಿಂದಕ್ಕೆ.

ಎಣಿಕೆಯ ಸಂಖ್ಯೆಗಳಿಗಿಂತ ಗೆರೆಯ ಮೇಲಿನ ಬಿಂದುಗಳದ್ದು ದೊಡ್ಡ ಅನಂತವೆಂದು ಗಣಿತಜ್ಞ ಕ್ಯಾಂಟರ್ 1874ರಲ್ಲಿ ಸಾಧಿಸಿದರು. ಅಲ್ಲಿಯವರೆಗೆ ಸರಿ. ಪುಟ ಮಗುಚಿದರೆ, ಸಂಖ್ಯೆಗಳ ಅನಂತದ ಹೆಸರು ಆಲೆಫ್-ಸೊನ್ನೆ, 'ಆದ್ದರಿಂದ' ಬಿಂದುಗಳದ್ದು ಆಲೆಫ್-ಒಂದು ಅಂದುಬಿಟ್ಟಿದ್ದೀರಿ.

ಈ 'ಆದ್ದರಿಂದ' ಎಲ್ಲಿಂದ ಬಂತು ಸ್ವಾಮಿ? ಆಲೆಫ್-ಒಂದು ಎಂದರೆ ಆಲೆಫ್-ಸೊನ್ನೆಯ ಬೆನ್ನಿಗೇ ನಿಂತ ಅನಂತ. ನಡುವೆ ಯಾರೂ ಇಲ್ಲವೆಂದು ನೋಡಿದವರು ಯಾರು? ಇರಲಾರರೆಂದು ಕ್ಯಾಂಟರ್ ಊಹಿಸಿದರು, ಸಾಧಿಸಲಾಗದೆ ಒದ್ದಾಡಿದರು. 1900ರಲ್ಲಿ ಹಿಲ್ಬರ್ಟ್ ತಮ್ಮ 23 ಪ್ರಶ್ನೆಗಳಲ್ಲಿ ಇದನ್ನೇ ಮೊದಲಿಗಿಟ್ಟರು. ಗಣಿತದ ರೂಢಿಯ ಸ್ವಯಂಸಿದ್ಧಗಳಿಂದ ಈ ಊಹೆಯನ್ನು ಸುಳ್ಳೆಂದು ಸಾಧಿಸಲಾಗದು ಎಂದು ಗೋಡೆಲ್, ನಿಜವೆಂದೂ ಸಾಧಿಸಲಾಗದು ಎಂದು 1963ರಲ್ಲಿ ಕೋಹೆನ್ ತೋರಿಸಿದರು. ಕೋಹೆನ್‌ಗೆ 1966ರಲ್ಲಿ ಫೀಲ್ಡ್ಸ್ ಪದಕ ಬಂತು. ನೀವು ಒಂದೇ 'ಆದ್ದರಿಂದ'ದಲ್ಲಿ ಮುಗಿಸಿದಿರಿ. ಪದಕ ನಿಮಗೇ ಸಲ್ಲಬೇಕಿತ್ತು.

ಭೌತವಿಜ್ಞಾನಿ ಗ್ಯಾಮೋವ್ ಕೂಡ 1947ರ ಪುಸ್ತಕದಲ್ಲಿ ಹೀಗೇ ಬರೆದರು. ಕೋಹೆನ್ ಇನ್ನೂ ಬಂದಿರಲಿಲ್ಲ, ಹೋಗಲಿ. ನಿಮ್ಮದು ಮೊನ್ನೆಯ ಪುಸ್ತಕ! ಅವರದನ್ನು ನೋಡಿ ಇವರು, ಇವರದನ್ನು ನೋಡಿ ನೀವು. ಹಿಲ್ಬರ್ಟ್ ಹೋಟೆಲಿನಂತೆ ತಪ್ಪೂ ಒಂದೊಂದು ಕೋಣೆ ಸರಿಯುತ್ತದೆ, ಖಾಲಿ ಮಾತ್ರ ಮಾಡುವುದಿಲ್ಲ. ಪಿಯುಸಿ ಓದುವ ತಂಗಿಯ ಮಗಳಿಗೆಂದು ಕೊಂಡ ಪುಸ್ತಕವಿದು. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಮಕ್ಕಳಿಗೆ ಹೇಳಲು ನಾಚಿಕೆಯಾಗುವುದಿಲ್ಲವೇ?

ಸಂಜೆ ನಾಲ್ಕೂವರೆಗೆ 46 ಅಂತ ಕೂಗಿದರು. ಎದ್ದು ನಿಂತೆ. ಮುಂದೆ ಕೂಗಿದ್ದು 52.

"ನಡುವೆ ಯಾರೂ ಇಲ್ವಲ್ಲ" ಅಂದರು ಗುಮಾಸ್ತರು.

"ನಾನಿದ್ದೀನಲ್ರೀ" ಎಂದು ಟೋಕನ್ ಹಿಡಿದೆ. ತಲೆ ಎತ್ತದೆ, "ನಾಳೆ ಬನ್ನಿ" ಅಂದರು.

ನಿಮ್ಮ ಪುಸ್ತಕ ಅವರೂ ಓದಿರಬೇಕು.

ಇಂತಿ,
ನಡುವೆ ನಿಂತವನು