ಗೋಡೆ ಪಕ್ಷ, ಪುಸ್ತಕ ಪಕ್ಷ, ಬೆಕ್ಕಿನ ಪಕ್ಷ

ಸಿನಿಮಾ ನೋಡಿದ ಮೇಲೆ ಅಭಿಪ್ರಾಯ ಹೇಳದೆ ಎದ್ದುಹೋದ ಕನ್ನಡಿಗನನ್ನು ನಾನಿನ್ನೂ ಕಂಡಿಲ್ಲ. ದೊಡ್ಡವರ ಸಿನಿಮಾ ಆದರೆ ಹೇಳಬೇಕಾದ ಮಾತುಗಳೆಲ್ಲ ಮೊದಲೇ ಸಿದ್ಧವಿರುತ್ತವೆ. ‘ಫಸ್ಟ್ ಹಾಫ್ ಪರವಾಗಿಲ್ಲ, ಸೆಕೆಂಡ್ ಹಾಫ್ ಎಳೆದುಬಿಟ್ಟಿದ್ದಾರೆ, ಆ ಹಾಡು ಬೇಕಿರಲಿಲ್ಲ’ ಎಂದರೆ ಮುಗಿಯಿತು. ಸಿನಿಮಾ ನೋಡದವರೂ ಧೈರ್ಯವಾಗಿ ಹೇಳಬಹುದು. ಮಕ್ಕಳ ಕಾರ್ಟೂನು, ಅದರಲ್ಲೂ ಚಿತ್ರ ಬರೆಯುವುದನ್ನೇ ಕಥೆ ಮಾಡಿಕೊಂಡ ಕಾರ್ಟೂನು ಎಂದಾಗ ಮಾತ್ರ ಈ ಮಾತುಗಳು ಕೈಕೊಡುತ್ತವೆ. ಹೀರೊ ಇಲ್ಲ, ಫೈಟ್ ಇಲ್ಲ, ಮದುವೆ ಇಲ್ಲ. ಆಗ ಪ್ರತಿಯೊಬ್ಬರೂ ತಮ್ಮ ಕಸುಬಿನಿಂದ, ತಮ್ಮ ಅಡುಗೆಮನೆಯಿಂದ ಅಭಿಪ್ರಾಯ ಹುಡುಕಿ ತರಬೇಕಾಗುತ್ತದೆ.

‘ದಿ ಸೀಕ್ರೆಟ್ ಆಫ್ ಕೆಲ್ಸ್’ ಅಂಥದೊಂದು ಸಿನಿಮಾ. 2009ರದು, ಐರ್ಲೆಂಡಿನದು. ಕಿಲ್ಕೆನಿ ಊರಿನ ಕಾರ್ಟೂನ್ ಸಲೂನ್ ಎಂಬ ಸ್ಟುಡಿಯೊದವರ ಮೊದಲ ದೊಡ್ಡ ಚಿತ್ರ. ನಿರ್ದೇಶಿಸಿದವರು ಟಾಮ್ ಮೂರ್, ಜೊತೆಗೆ ನೋರಾ ಟೂಮಿ. ಮಗಳ ಎರಡನೇ ಬಾಣಂತನಕ್ಕೆಂದು ನಾವು ಡಬ್ಲಿನ್‌ಗೆ ಹೋಗಿದ್ದಾಗ ಅದನ್ನು ನೋಡುವ ಯೋಗ ಬಂತು. ಬೀಗಿತ್ತಿಯವರೂ ಹಾಸನದಿಂದ ಬಂದಿದ್ದರು. ಅಲ್ಲಿಯ ಮಳೆ ಜೋರಾಗಿ ಸುರಿಯುವುದೂ ಇಲ್ಲ, ಪೂರ್ತಿ ನಿಲ್ಲುವುದೂ ಇಲ್ಲ. ಮನೆಯೊಳಗೆ ಕೂತು ಕೂತು ದೊಡ್ಡ ಮೊಮ್ಮಗ ಸೋಫಾದಿಂದ ಸೋಫಾಕ್ಕೆ ಹಾರಲು ಶುರು ಮಾಡಿದ. ಮಗಳು ಈ ಸಿನಿಮಾ ಹಾಕಿದಳು. ಅಷ್ಟರಲ್ಲಿ ಅಳಿಯನ ಸ್ನೇಹಿತ, ಧಾರವಾಡದ ಕಡೆಯ ಸಿವಿಲ್ ಎಂಜಿನಿಯರ್, ತನ್ನ ಮಗಳನ್ನು ಕರೆದುಕೊಂಡು ಬಂದ. ಪಕ್ಕದ ಮನೆಯ ಐರಿಷ್ ಅಜ್ಜಿ ಮಗು ನೋಡಲೆಂದು ಬಂದವರು ನಮ್ಮ ಕಾಫಿಯ ವಾಸನೆಗೆ ಕೂತರು. ಹೀಗೆ ಥಿಯೇಟರು ಭರ್ತಿಯಾಯಿತು.

ಕಥೆ ದೊಡ್ಡದೇನಲ್ಲ. 9ನೇ ಶತಮಾನ. ಕೆಲ್ಸ್ ಎಂಬಲ್ಲಿ ಒಂದು ಕ್ರೈಸ್ತ ಮಠ. ಹಡಗಿನಲ್ಲಿ ಬಂದು ದೋಚುವ ವೈಕಿಂಗರ ಭಯಕ್ಕೆ ಮಠಾಧಿಪತಿ ಕೆಲ್ಲಾಕ್ ಹಗಲೂ ರಾತ್ರಿ ಸುತ್ತುಗೋಡೆ ಕಟ್ಟಿಸುತ್ತಿದ್ದಾನೆ. ಅವನ ಆಶ್ರಯದಲ್ಲಿರುವ ಹುಡುಗ ಬ್ರೆಂಡನ್, ಇಂಗ್ಲಿಷಿನಲ್ಲಿ ಹೇಳುವುದಾದರೆ ಅವನ ‘ನೆಫ್ಯೂ’. ಅಯೋನಾ ದ್ವೀಪದ ಮಠ ವೈಕಿಂಗರ ಪಾಲಾದ ಮೇಲೆ ಏಡನ್ ಎಂಬ ಮುದಿ ಸನ್ಯಾಸಿ ಒಂದು ಬಿಳಿ ಬೆಕ್ಕನ್ನೂ ಇನ್ನೂ ಮುಗಿಯದ ಒಂದು ಚಿತ್ರಪುಸ್ತಕವನ್ನೂ ಹಿಡಿದುಕೊಂಡು ಅಲ್ಲಿಗೆ ಬರುತ್ತಾನೆ. ಹುಡುಗನಿಗೆ ಪುಸ್ತಕದ ಹುಚ್ಚು ಹಿಡಿಯುತ್ತದೆ, ಮಠಾಧಿಪತಿಗೆ ಸಿಟ್ಟು ಹತ್ತುತ್ತದೆ. ನಡುವೆ ಕಾಡು, ಕಾಡಿನಲ್ಲಿ ಬೇಕೆಂದಾಗ ತೋಳವಾಗುವ ಆಶ್ಲಿಂಗ್ ಎಂಬ ಬಿಳಿಗೂದಲಿನ ಹುಡುಗಿ, ನೆಲದಡಿಯಲ್ಲಿ ಕತ್ತಲೆಯ ಒಂದು ಹಾವು.

ಮೊದಲ ಹತ್ತು ನಿಮಿಷದಲ್ಲೇ ಬೀಗಿತ್ತಿಯವರಿಗೆ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು. “ಆ ಹುಡುಗ ಮಠದವರಿಗೆ ತಮ್ಮನ ಮಗನೋ, ತಂಗಿಯ ಮಗನೋ?” ಸಿನಿಮಾ ಅದನ್ನೆಲ್ಲ ಬಿಡಿಸಿ ಹೇಳುವುದಿಲ್ಲ. ಅವರೇ ತೀರ್ಮಾನಿಸಿಕೊಂಡರು: “ತಂಗಿಯ ಮಗನೇ ಇರಬೇಕು ಬಿಡಿ. ತಮ್ಮನ ಮಗನಾಗಿದ್ದರೆ ಇಷ್ಟು ಬೈದು ತಿದ್ದುವ ಉಸಾಬರಿ ಯಾರಿಗಿರುತ್ತೆ?” ಇದನ್ನು ಕೇಳಿ ಅಳಿಯ ನನ್ನ ಮುಖ ನೋಡಿದ. ನಾನು ಪರದೆ ನೋಡಿದೆ.

ಸಿನಿಮಾ ಅರ್ಧಕ್ಕೆ ಬರುವ ಹೊತ್ತಿಗೆ ಹಾಲ್‌ನಲ್ಲಿ ಪಕ್ಷಗಳು ಹುಟ್ಟಿಕೊಂಡಿದ್ದವು. ಮೊದಲನೆಯದು ಗೋಡೆ ಪಕ್ಷ. ನಾಯಕ ನಮ್ಮ ಅಳಿಯ. ಅವನ ಕಸುಬೇ ಕಂಪೆನಿಗಳಿಗೆ ಫೈರ್‌ವಾಲ್ ಕಟ್ಟುವುದು. “ಮಾವ, ಆ ಅಬ್ಬಟ್ ಹೇಳೋದರಲ್ಲಿ ಏನು ತಪ್ಪಿದೆ? ಜೀವ ಉಳಿದರೆ ತಾನೇ ಪುಸ್ತಕ? ಮೊದಲು ಸೆಕ್ಯುರಿಟಿ, ಆಮೇಲೆ ಕಂಟೆಂಟು” ಎಂದ. ಎಂಜಿನಿಯರ್ ಸ್ನೇಹಿತನೂ ಅದೇ ಪಕ್ಷದವನಾದರೂ ಅವನದು ಭಿನ್ನಮತ. ಗೋಡೆ ಬೇಕು, ಆದರೆ ಈ ಗೋಡೆ ಬೇಡ. “ಪಾಯ ತೋರಿಸೇ ಇಲ್ರೀ. ಕ್ಯೂರಿಂಗ್‌ಗೆ ನೀರು ಹಾಕೋ ಒಬ್ಬನೂ ಕಾಣಲಿಲ್ಲ. ಮೇಲಾಗಿ ಇಷ್ಟೆಲ್ಲ ಸಾರುವೆ ಮರದ್ದು. ಒಂದು ಕೊಳ್ಳಿ ಬಿದ್ದರೆ ಮುಗೀತು.” ಸ್ವಲ್ಪ ಹೊತ್ತಿಗೆ ವೈಕಿಂಗರು ಬಂದು ಬೆಂಕಿ ಇಟ್ಟೇಬಿಟ್ಟರು. ಅವನ ಮುಖದಲ್ಲಿ ಆಗ ಮೂಡಿದ ಸಮಾಧಾನವನ್ನು ನೋಡಿದ್ದರೆ, ದಾಳಿ ಮಾಡಿಸಿದವನು ಇವನೇ ಎನ್ನುತ್ತಿದ್ದಿರಿ.

ಎರಡನೆಯದು ಪುಸ್ತಕ ಪಕ್ಷ. ನಾಯಕಿ ನನ್ನ ಮನೆಯವಳು. ಅವಳು ಕಥೆಯನ್ನು ನೋಡುತ್ತಲೇ ಇರಲಿಲ್ಲ, ಗೆರೆಗಳನ್ನು ನೋಡುತ್ತಿದ್ದಳು. ಕಾಡಿನ ಮರ, ಹಿಮ, ಹೊಗೆ, ನೀರು ಎಲ್ಲವೂ ಆ ಸಿನಿಮಾದಲ್ಲಿ ಸುರುಳಿ ಸುರುಳಿಯಾಗಿ ಹೆಣೆದುಕೊಂಡಿರುತ್ತವೆ. “ನಿಲ್ಲಿಸು, ನಿಲ್ಲಿಸು” ಎಂದು ಮಗಳ ಕೈಲಿ ನಿಲ್ಲಿಸಿ, ಎದ್ದು ಹೋಗಿ ಟೀವಿಯ ಮೇಲೆ ಬೆರಳಿಟ್ಟು, ಎಳೆ ರಂಗೋಲಿಯ ಹಾಗೆ ಒಂದು ಗೆರೆ ಎಲ್ಲಿ ಹೊರಟು ಎಲ್ಲಿ ಮುಳುಗಿ ಎಲ್ಲಿ ಎದ್ದಿತೆಂದು ಪತ್ತೆ ಹಚ್ಚತೊಡಗಿದಳು. “ಅಜ್ಜಿ, ಸ್ಕ್ರೀನ್ ಮುಟ್ಟಬಾರದು” ಎಂದು ಮೊಮ್ಮಗ ಗದರಿದ. ಅದು ಅವಳೇ ಅವನಿಗೆ ಹಿಂದಿನ ದಿನ ಹೇಳಿದ್ದ ಮಾತು. ಅವಳ ಅಭಿಪ್ರಾಯ ಒಂದೇ: ಬರೆದವರಿಗೆ ಕೈ ಇದೆ. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ನನಗೂ ಯಾವತ್ತೂ ಸಿಕ್ಕಿಲ್ಲ.

ಮೊಮ್ಮಗನ ತಕರಾರು ಬೇರೆ. “ಯಾಕೆ ಎಲ್ಲರೂ ಚಪ್ಪಟೆ ಇದಾರೆ? ತ್ರೀಡಿ ಮಾಡೋಕೆ ದುಡ್ಡಿರಲಿಲ್ವಾ?” ಚಪ್ಪಟೆ ಮಾಡಿದ್ದು ಬೇಕೆಂದೇ. ಆ ಕಾಲದ ಹಸ್ತಪ್ರತಿಗಳಲ್ಲಿ ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಲೆಕ್ಕ ಇರಲಿಲ್ಲ. ಸಿನಿಮಾದವರೂ ಅದೇ ಕ್ರಮ ಹಿಡಿದು ಪ್ರತಿ ದೃಶ್ಯವನ್ನೂ ಆ ಪುಸ್ತಕದ ಒಂದು ಪುಟವಾಗಿ ಕಾಣುವಂತೆ ಬರೆದಿದ್ದಾರೆ. ವೈಕಿಂಗರಿಗೆ ಮಾತ್ರ ಸುರುಳಿಯ ಭಾಗ್ಯವಿಲ್ಲ. ಅವರು ಕಪ್ಪು ಕಪ್ಪು ಚೌಕ ದೇಹದವರು. ಇದನ್ನೆಲ್ಲ ನಾನು ವಿವರಿಸುವಷ್ಟರಲ್ಲಿ ಹುಡುಗ ಕುರ್ಚಿಯ ಹಿಂದೆ ಅಡಗಿದ್ದ. ಚಪ್ಪಟೆ ಆದರೂ ಹೆದರಿಕೆ ಆಗುತ್ತದೆ ಎಂದಾಯಿತು.

ಪುಸ್ತಕಕ್ಕೆ ಬೇಕಾದ ಮಸಿಗೆಂದು ಬ್ರೆಂಡನ್ ಕಾಡಿಗೆ ಹೋಗಿ ಓಕ್ ಮರದ ಗುಂಡು ಗುಂಡಾದ ಕಾಯಿ ತರುವ ದೃಶ್ಯ ಬಂದಾಗ ಬೀಗಿತ್ತಿಯವರು ಥಟ್ಟನೆ ಎದ್ದರು. ಒಳಗೆ ಹೋಗಿ ಮಗುವಿಗೆ ತೇಯುವ ಸಾಮಾನಿನ ಡಬ್ಬಿ ತಂದರು. ಬಜೆ, ಜಾಯಿಕಾಯಿ, ಅಳಲೆಕಾಯಿ ಎಲ್ಲ ಪಕ್ಕಕ್ಕೆ ಸರಿಸಿ ಒಂದು ಗೋಲಿಯಷ್ಟರ, ಮೈಮೇಲೆ ಸಣ್ಣ ಸಣ್ಣ ಮೊಳೆ ಎದ್ದಂತಿರುವ ಬೂದುಬಣ್ಣದ ಕಾಯಿ ತೆಗೆದು ಟೀಪಾಯಿಯ ಮೇಲಿಟ್ಟರು. “ಇದೇ ಅಲ್ಲವೇ? ಮಾಚಿಕಾಯಿ!” ಅದೇ. ಓಕ್ ಜಾತಿಯ ಮರದಲ್ಲಿ ಪುಟ್ಟ ಕಣಜವೊಂದು ಮೊಟ್ಟೆಯಿಟ್ಟಾಗ ಮರ ಅದರ ಸುತ್ತ ಗಂಟು ಕಟ್ಟುತ್ತದೆ. ಅದು ಕಾಯಿಯಲ್ಲ, ಕಣಜದ ಮರಿಯ ಮನೆ. ಅದರ ಒಗರಿಗೆ ಕಬ್ಬಿಣದ ಲವಣ ಬೆರೆಸಿದರೆ ಅಚ್ಚಗಪ್ಪು ಮಸಿ. ಯುರೋಪಿನ ಸನ್ಯಾಸಿಗಳು ಶತಮಾನಗಟ್ಟಲೆ ಬರೆದದ್ದು ಈ ಮಸಿಯಲ್ಲೇ. ನಮ್ಮ ಅಜ್ಜಿಯರು ಅದನ್ನೇ ಕೂಸಿನ ಹೊಟ್ಟೆಗೆ ತೇಯ್ದು ಹಾಕಿದ್ದಾರೆ. ಐರಿಷ್ ಅಜ್ಜಿ ಕನ್ನಡಕ ಏರಿಸಿ ಅದನ್ನು ಮೂಸಿ ನೋಡಿದರು. ಬೀಗಿತ್ತಿಯವರ ಅಭಿಪ್ರಾಯ ಅಲ್ಲಿಗೆ ಪೂರ್ಣವಾಯಿತು: ಸಿನಿಮಾ ಚೆನ್ನಾಗಿದೆ, ತಿಳಿದವರು ಮಾಡಿದ್ದಾರೆ.

ಆದರೆ ನಾನು ಸುಮ್ಮನಿರಬೇಕಲ್ಲ. ಬ್ಯಾಂಕಿನಲ್ಲಿದ್ದವನು, ಖರ್ಚಿನ ಕಡೆಯೇ ಕಣ್ಣು. ಸಿನಿಮಾದ ಆ ಪುಸ್ತಕ ನಿಜಕ್ಕೂ ಇದೆ, ಹೆಸರು ಬುಕ್ ಆಫ್ ಕೆಲ್ಸ್. ಅದರಲ್ಲಿ 340 ಹಾಳೆ, ಅಂದರೆ 680 ಪುಟ. ಬಣ್ಣದ ಅಲಂಕಾರವೇ ಇಲ್ಲದ ಪುಟ ಎರಡೇ ಎರಡು. ಹಾಳೆಯೆಂದರೆ ಕಾಗದವಲ್ಲ, ಹದ ಮಾಡಿದ ಕರುವಿನ ಚರ್ಮ. ಸುಮಾರು 185 ಕರುಗಳು ಬೇಕಾಗಿದ್ದಿರಬಹುದೆಂದು ಅಂದಾಜು. ಇದನ್ನು ಹೇಳಿದ್ದೇ ತಡ, ಬೀಗಿತ್ತಿಯವರ ಪ್ರಶಸ್ತಿ ಪತ್ರ ವಾಪಸಾಯಿತು. “ಶಿವ ಶಿವಾ, ದೇವರ ಪುಸ್ತಕಕ್ಕೆ ಕರುವಿನ ಚರ್ಮವೇ!” ಪುಸ್ತಕ ಪಕ್ಷದ ನಾಯಕಿ ಕೂಡಲೇ ಕೇಳಿದಳು: “ದೇವಸ್ಥಾನದ ಮೃದಂಗಕ್ಕೆ ಮುಚ್ಚಿಗೆ ಯಾವುದರದು?” ಹಾಲ್‌ನಲ್ಲಿ ಸ್ವಲ್ಪ ಹೊತ್ತು ಸಿನಿಮಾದ ಸದ್ದೊಂದೇ ಕೇಳಿಸಿತು. ಕೆಲ್ಲಾಕ್ ಆಗ ಯಾರಿಗೋ ಬೈಯುತ್ತಿದ್ದ.

ಐರಿಷ್ ಅಜ್ಜಿಗೆ ಒಂದು ಕೊರತೆ ಕಂಡಿತ್ತು. ಮೆಲ್ಲಗೆ, ನೊಂದುಕೊಂಡೇ ಹೇಳಿದರು. ಆ ಪುಸ್ತಕ ನಾಲ್ಕು ಸುವಾರ್ತೆಗಳ ಲ್ಯಾಟಿನ್ ಪ್ರತಿ. ಇಡೀ ಸಿನಿಮಾದಲ್ಲಿ ಎಲ್ಲರೂ ಪುಸ್ತಕ, ಪುಸ್ತಕ ಎಂದು ಪ್ರಾಣ ಬಿಡುತ್ತಾರೆ. ಒಳಗೆ ಏನು ಬರೆದಿದೆ ಎಂದು ಒಬ್ಬರೂ ಬಾಯಿ ಬಿಡುವುದಿಲ್ಲ. ನನಗೂ ಆ ಮಾತು ಸರಿಯೆನಿಸಿತು. ಎಲ್ಲ ಧರ್ಮದ ಮಕ್ಕಳೂ ನೋಡಲಿ ಎಂದು ಹಾಗೆ ಮಾಡಿರಬಹುದು. ಆದರೆ ಯಾವುದಕ್ಕಾಗಿ ಬರೆದರು ಎಂಬುದನ್ನು ಬಿಟ್ಟು ಹೇಗೆ ಬರೆದರು ಎಂಬುದನ್ನಷ್ಟೇ ತೋರಿಸಿದರೆ, ಆ ಸನ್ಯಾಸಿಗಳು ವಾಲ್‌ಪೇಪರ್ ಬರೆಯುತ್ತಿದ್ದರೇನೋ ಅನಿಸುವ ಅಪಾಯವಿದೆ.

ಅಂದಹಾಗೆ ಆ ಪುಸ್ತಕದಲ್ಲಿ ಅಕ್ಷರಕ್ಕಿಂತ ಅಲಂಕಾರದ ಮೇಲೇ ಹೆಚ್ಚು ಗಮನವಿತ್ತೆಂಬ ಮಾತು ವಿದ್ವಾಂಸರಲ್ಲೂ ಇದೆ. ಒಂದು ಕಡೆ ಒಂದೇ ಪುಟವನ್ನು ಎರಡು ಸಲ ಬರೆದಿದ್ದಾರೆ. ಗೊತ್ತಾದ ಮೇಲೆ ಹಾಳೆ ಹರಿದು ಬಿಸಾಡಲಿಲ್ಲ. ಕರುವಿನ ಬೆಲೆ ಅವರಿಗೆ ಗೊತ್ತು. ಹೆಚ್ಚಾದ ಪುಟಕ್ಕೆ ಕೆಂಪು ಶಿಲುಬೆಗಳ ಗುರುತು ಹಾಕಿ, ಅದನ್ನೂ ಅಲಂಕಾರದ ಲೆಕ್ಕಕ್ಕೆ ಸೇರಿಸಿ ಮುಂದೆ ಹೋದರು. ನಮ್ಮ ಬ್ರಾಂಚಿನ ಲೆಡ್ಜರಿನಲ್ಲಿ ಹೀಗೆ ಮಾಡಿದ್ದರೆ ಆಡಿಟರು ಬಿಡುತ್ತಿದ್ದರೇ?

ಆ ಪುಸ್ತಕ 17ನೇ ಶತಮಾನದಿಂದ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿದೆ. ಸಿನಿಮಾ ನೋಡಿದ ಮೇಲೆ ನೋಡಲೇಬೇಕೆಂದು ಇವಳು ಹಟ ಹಿಡಿದಳು. 1953ರಲ್ಲಿ ಅದನ್ನು ಬಿಚ್ಚಿ ನಾಲ್ಕು ಸಂಪುಟ ಮಾಡಿ ಹೊಸದಾಗಿ ಹೊಲಿದಿದ್ದಾರೆ. ಗಾಜಿನ ಪೆಟ್ಟಿಗೆಯೊಳಗೆ ತೆರೆದಿಟ್ಟ ಪುಟ ಯಾವುದೋ ಅದೇ ನಿಮ್ಮ ಅದೃಷ್ಟ. ಸಿನಿಮಾದ ಕೊನೆಯಲ್ಲಿ ಜೀವ ತಳೆದು ತಿರುಗುವ, ಕ್ರಿಸ್ತನ ಹೆಸರಿನ ಮೊದಲ ಅಕ್ಷರಗಳಾದ ‘ಕೈ ರೋ’ ಪುಟವೇ ಕಾಣುತ್ತದೆಂದು ಹೋದ ನಮಗೆ ಸಿಕ್ಕಿದ್ದು ಸಾಲು ಸಾಲು ಲ್ಯಾಟಿನ್ ಅಕ್ಷರ. ನಾನು ಟಿಕೆಟ್ಟಿನ ಯೂರೋವನ್ನು ರೂಪಾಯಿಗೆ ಗುಣಿಸುತ್ತಿದ್ದೆ. ಇವಳು ಮಾತ್ರ ಸಾಲಿನ ನಡುವೆ ಬಾಲ ಸುತ್ತಿಕೊಂಡಿದ್ದ ಹೆಬ್ಬೆಟ್ಟಿನಷ್ಟರ ಒಂದು ಪ್ರಾಣಿಯನ್ನು ಹಿಡಿದು ಬಗ್ಗಿ ನಿಂತವಳು, ಹಿಂದಿದ್ದ ಜಪಾನೀ ತಂಡ ಎರಡು ಸಲ ಕೆಮ್ಮುವವರೆಗೆ ಏಳಲಿಲ್ಲ.

ಗೋಡೆ ಪಕ್ಷಕ್ಕೂ ಪುಸ್ತಕ ಪಕ್ಷಕ್ಕೂ ಅಂದು ರಾತ್ರಿ ಊಟದ ಹೊತ್ತಿನಲ್ಲಿ ಮತ್ತೆ ಜಟಾಪಟಿ. ನಾನು ಇತಿಹಾಸ ಮುಂದಿಟ್ಟೆ. 806ರಲ್ಲಿ ವೈಕಿಂಗರು ಅಯೋನಾದಲ್ಲಿ 68 ಜನರನ್ನು ಕೊಂದರು. ಉಳಿದವರು ಕೆಲ್ಸ್‌ಗೆ ಬಂದು ನೆಲೆಸಿದರು. ಅಲ್ಲೂ ನೆಮ್ಮದಿಯಿಲ್ಲ. 1007ರಲ್ಲಿ ಪುಸ್ತಕವೇ ಕಳುವಾಯಿತು. ಕಳ್ಳರಿಗೆ ಬೇಕಿದ್ದದ್ದು ಚಿನ್ನದ ಹೊದಿಕೆ. ಅದನ್ನು ಕಿತ್ತುಕೊಂಡು ಪುಸ್ತಕವನ್ನು ಬಿಸಾಡಿದರು. ಎರಡು ತಿಂಗಳ ಮೇಲೆ ಅದು ಹುಲ್ಲುಹೆಂಟೆಯ ಅಡಿಯಲ್ಲಿ ಸಿಕ್ಕಿತು. “ನೋಡಿದಿರಾ, ಗೋಡೆ ಗಟ್ಟಿ ಇರಲಿಲ್ಲ” ಎಂದ ಅಳಿಯ. “ನೋಡಿದಿರಾ, ಮಣ್ಣಲ್ಲಿ ಹೂತರೂ ಪುಸ್ತಕ ಉಳಿಯಿತು” ಎಂದಳು ಇವಳು. ಒಂದೇ ಸಂಗತಿ ಎರಡೂ ಪಕ್ಷಕ್ಕೆ ಸಾಕ್ಷಿ ಹೇಳಿತು.

ನನಗನಿಸುವುದು ಇಷ್ಟು: ಈ ಸಿನಿಮಾದ ಮೊದಲ ಪ್ರೇಕ್ಷಕ ಸಿನಿಮಾದೊಳಗೇ ಇದ್ದಾನೆ, ಆ ಮಠಾಧಿಪತಿ. ಹುಡುಗ ಬರೆದದ್ದನ್ನು ನೋಡಿ ‘ಇದರಿಂದ ಏನು ಪ್ರಯೋಜನ’ ಎನ್ನುವವನು. ಆದರೆ ಅವನ ಕೋಣೆಯನ್ನು ಸರಿಯಾಗಿ ನೋಡಿ. ಅದರ ಗೋಡೆಗಳ ತುಂಬ ಅವನೇ ಬರೆದ ಕೋಟೆಯ ನಕ್ಷೆ, ಗೋಪುರ, ವೃತ್ತ. ಚಿತ್ರ ಬರೆಯಬೇಡವೆಂದು ಹುಡುಗನಿಗೆ ಗದರುವ ಮನುಷ್ಯ ರಾತ್ರಿಯಿಡೀ ಗೋಡೆಯ ಮೇಲೆ ಗೋಡೆಯ ಚಿತ್ರ ಬರೆಯುತ್ತಾನೆ. ಅವನೂ ಕಲಾವಿದನೇ, ಭಯ ಹೇಳಿದ ಚಿತ್ರವನ್ನು ಬರೆಯುತ್ತಿದ್ದಾನೆ, ಅಷ್ಟೇ. ಅವನನ್ನು ಖಳನನ್ನಾಗಿ ಮಾಡದಿರುವುದು ಮೂರ್ ಅವರ ದೊಡ್ಡತನ. ಇದನ್ನು ಹೇಳಿದಾಗ ಅಳಿಯನಿಗೆ ಸಂತೋಷವಾಯಿತು. ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಇಷ್ಟಾದರೂ ಬಹುಮತ ಬಂದದ್ದು ಮೂರನೆಯ ಪಕ್ಷಕ್ಕೆ. ಮಕ್ಕಳಿಬ್ಬರೂ ಆರಂಭದಿಂದಲೇ ಬೆಕ್ಕಿನ ಪಕ್ಷ. ಬ್ರೆಂಡನ್‌ನನ್ನು ಕೂಡಿಹಾಕಿದಾಗ ಆಶ್ಲಿಂಗ್ ಹಾಡುತ್ತಾಳೆ, ಪ್ಯಾಂಗರ್ ಬಾನ್ ಎಂಬ ಆ ಬೆಕ್ಕು ಹೊಗೆಯಂತೆ ತೇಲಿಹೋಗಿ ಬೀಗದಕೈ ತರುತ್ತದೆ. ಆ ದೃಶ್ಯವನ್ನು ಹಿಂದಕ್ಕೆ ಓಡಿಸಿ ಓಡಿಸಿ ನೋಡಿದರು. ಹುಡುಗ ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತಲೆಯ ಹಾವನ್ನು ಕಟ್ಟಿಹಾಕುವ ದೃಶ್ಯದ ಬಗ್ಗೆ ಮೊಮ್ಮಗನ ವಿಮರ್ಶೆ: “ಪರ್ಮನೆಂಟ್ ಮಾರ್ಕರ್ ಬಳಸಬೇಕಿತ್ತು.” ಬೆಕ್ಕಿನ ಪಕ್ಷಕ್ಕೆ ಪುರಾವೆಯ ಬಲವೂ ಇದೆ. ಪ್ಯಾಂಗರ್ ಬಾನ್ ಎಂಬುದು 9ನೇ ಶತಮಾನದಲ್ಲಿ ಒಬ್ಬ ಐರಿಷ್ ಸನ್ಯಾಸಿ ತನ್ನ ಬೆಕ್ಕಿನ ಮೇಲೆ ಬರೆದ ಪದ್ಯದಲ್ಲಿರುವ ಹೆಸರು. ಆ ಹಸ್ತಪ್ರತಿ ಇವತ್ತಿಗೂ ಆಸ್ಟ್ರಿಯದ ಒಂದು ಮಠದಲ್ಲಿದೆ. ಇನ್ನು ಆ ಭವ್ಯವಾದ ‘ಕೈ ರೋ’ ಪುಟ. ಆ ಅಕ್ಷರಗಳು ಪುಟ ತುಂಬಿ ಸುತ್ತಿರುವ ಅದರ ಬುಡದಲ್ಲಿ ಇಲಿಗಳು ಒಂದು ಪ್ರಸಾದದ ಬಿಲ್ಲೆಗೆ ಕಿತ್ತಾಡುತ್ತಿವೆ, ಎರಡು ಬೆಕ್ಕು ಕೂತು ನೋಡುತ್ತಿವೆ. ಪಕ್ಕದಲ್ಲಿ ಒಂದು ನೀರುನಾಯಿ, ಬಾಯಲ್ಲಿ ಮೀನು. ಸಾವಿರದಿನ್ನೂರು ವರ್ಷದ ಹಿಂದಿನ ಆ ಸನ್ಯಾಸಿಯ ವೋಟು ಯಾವ ಪಕ್ಷಕ್ಕೆ ಬಿದ್ದಿತ್ತೆಂದು ಬೇರೆ ಹೇಳಬೇಕಿಲ್ಲ.

2010ರ ಆಸ್ಕರ್‌ಗೆ ಈ ಸಿನಿಮಾ ನಾಮನಿರ್ದೇಶನಗೊಂಡಿತ್ತು. ಬಹುಮಾನ ಹೋದದ್ದು ‘ಅಪ್’ಗೆ. ಅದು ಬಲೂನು ಕಟ್ಟಿ ಮನೆಯನ್ನೇ ಹಾರಿಸುವ ಕಥೆ ಎಂದು ಹೇಳಿದಾಗ ಎಂಜಿನಿಯರ್ ನಿಟ್ಟುಸಿರಿಟ್ಟ: “ಅದಕ್ಕೂ ಪಾಯ ಇರಲಿಲ್ಲ ಅನ್ನಿ.”

ನೀವು ನೋಡುವುದಾದರೆ ಎಪ್ಪತ್ತೈದು ನಿಮಿಷ ಬಿಡುವು ಮಾಡಿಕೊಂಡರೆ ಸಾಕು. ತೀರ ಚಿಕ್ಕ ಮಕ್ಕಳಿದ್ದರೆ ವೈಕಿಂಗರು ಬರುವ ಹೊತ್ತಿಗೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಏನಾದರೂ ತಿನ್ನಿಸಿ. ಟೀವಿ ಒರೆಸಲು ಒಂದು ಬಟ್ಟೆ ಪಕ್ಕದಲ್ಲಿರಲಿ. ಮತ್ತೆ, ಆ ಹುಡುಗ ತಮ್ಮನ ಮಗನೋ ತಂಗಿಯ ಮಗನೋ ಎಂಬುದು ನಿಮಗೇನಾದರೂ ತಿಳಿದರೆ ದಯವಿಟ್ಟು ಹಾಸನಕ್ಕೆ ಒಂದು ಮಾತು ಮುಟ್ಟಿಸಿ.