ರಾಮೆನ್ನಿನ ಮೂಲಸ್ಥಾನ ಅರಭಾವಿ: ಒಂದು ಪ್ರಮೇಯ

ನ್ಯೂಯಾರ್ಕಿನ ಮೇಲ್ದರ್ಜೆಯ ರಾಮೆನ್ ಹೋಟೆಲಿನಲ್ಲಿ ಒಂದು ಬಟ್ಟಲಿಗೆ ಇಪ್ಪತ್ತು ಡಾಲರಿನ ಆಸುಪಾಸು ತೆತ್ತು, ಮೇಲೆ ಬಡಿಸಿದವನಿಗೆ ಭಕ್ಷೀಸನ್ನೂ ಇಟ್ಟು ಹೊರಬರುವ ಕನ್ನಡಿಗ ತಾನು ಜಪಾನಿನ ಊಟ ಮಾಡಿದೆನೆಂದು ತಿಳಿದಿರುತ್ತಾನೆ. ಅವನು ಉಂಡದ್ದು ಕಟ್ಟಿನ ಸಾರಿನಲ್ಲಿ ಬಿದ್ದ ಶಾವಿಗಿಯನ್ನು; ಅದರ ತವರು ಘಟಪ್ರಭೆಯ ನೀರುಂಡ ಅರಭಾವಿ ಸೀಮೆ. ಪ್ರಸ್ತುತ ಪ್ರಬಂಧದ ಪ್ರಮೇಯ ಇಷ್ಟೇ. ಇದನ್ನು ಇದುವರೆಗೆ ಯಾರೂ ಮಂಡಿಸಿಲ್ಲ ಎಂಬುದು ಇದರ ಸ್ವಂತಿಕೆಗೆ ಸಾಕ್ಷಿ, ಯಾರೂ ಅಲ್ಲಗಳೆದಿಲ್ಲ ಎಂಬುದು ಇದರ ಸತ್ಯಕ್ಕೆ ಸಾಕ್ಷಿ. ಹುಕ್ಕೇರಿ ತಾಲೂಕಿನ ಘೋಡಗೇರಿಯಂಥ ಊರಿನಿಂದ ಚಂದ್ರಶೇಖರ ಕಂಬಾರರು ಎದ್ದುಬಂದು 2010ರ ಸಾಲಿನ ಜ್ಞಾನಪೀಠ ಹೊತ್ತು ತಂದದ್ದನ್ನು ನಂಬುವವರು, ಪಕ್ಕದ ಊರಿನಿಂದ ಒಂದು ಬಟ್ಟಲು ಶಾವಿಗಿ ಹೊರಟಿತೆಂದರೆ ಹುಬ್ಬೇರಿಸಬೇಕಾದ್ದಿಲ್ಲ.

ಮೊದಲಿಗೆ ಶಬ್ದಪ್ರಮಾಣ. ಅರಭಾವಿ ಎಂಬುದು ‘ಅರೆ’ ಮತ್ತು ‘ಬಾವಿ’ ಕೂಡಿ ಆದ ಪದವೆಂದು ಒಪ್ಪಿಕೊಳ್ಳೋಣ. ಒಪ್ಪದಿದ್ದರೆ ಪ್ರಬಂಧ ಮುಂದೆ ಸಾಗದು, ಆದ್ದರಿಂದ ಒಪ್ಪಲೇಬೇಕು. ಈಗ ರಾಮೆನ್ ಬಡಿಸುವ ಬಟ್ಟಲನ್ನು ನೋಡಿ: ಬಾಯಿ ಅಗಲ, ತಳ ಕಿರಿದು, ಅರ್ಧಕ್ಕೆ ನಿಂತ ನೀರು, ಇಣುಕಿದರೆ ಮುಖ ಕಾಣುತ್ತದೆ. ಇದು ಅರೆಬಾವಿಯಲ್ಲದೆ ಮತ್ತೇನು? ರಾಮೆನ್ ಎಂಬುದು ಚೀನೀ ಭಾಷೆಯ ‘ಲಾ ಮ್ಯೆನ್’ನಿಂದ ಬಂತು, ‘ಲಾ’ ಅಂದರೆ ಎಳೆಯುವುದು, ‘ಮ್ಯೆನ್’ ಅಂದರೆ ಹಿಟ್ಟಿನ ಎಳೆ ಎಂದು ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಹೇಳಲಿ. ಈ ಎರಡು ಅರ್ಥಕ್ಕೆ ಚೀನೀಯರಿಗೆ ಎರಡು ಶಬ್ದ ಬೇಕಾದವು. ಕನ್ನಡಕ್ಕೆ ‘ಎಳೆ’ ಒಂದೇ ಸಾಕು: ಕ್ರಿಯಾಪದವಾದರೆ ಮಾಡುವ ಕೆಲಸ, ನಾಮಪದವಾದರೆ ಕೆಲಸ ಮುಗಿದ ಮೇಲೆ ಕೈಯಲ್ಲಿ ಉಳಿಯುವ ವಸ್ತು. ಹಳೆಯ ಭಾಷೆಗಳು ಶಬ್ದವನ್ನು ಜತನ ಮಾಡುತ್ತವೆ, ಹೊಸವು ದುಂದು ಮಾಡುತ್ತವೆ ಎಂಬ ನಿಯಮವನ್ನು ಇಲ್ಲಿಯೇ ಸ್ಥಾಪಿಸಿ ಇಲ್ಲಿಯೇ ಅನ್ವಯಿಸಬಹುದು. ಜಪಾನಿನ ಭಾಷಾಶಾಸ್ತ್ರಜ್ಞ ಸುಸುಮು ಓನೊ ತಮ್ಮ ಭಾಷೆಗೆ ತಮಿಳಿನ ನಂಟಿದೆ ಎಂದು ದೀರ್ಘಕಾಲ ವಾದಿಸಿದರು. ಹೆಚ್ಚಿನ ಪಂಡಿತರು ಒಪ್ಪಲಿಲ್ಲ. ತಪ್ಪು ಓನೊ ಅವರದೇ. ನಂಟು ಹುಡುಕುತ್ತ ದಕ್ಷಿಣಕ್ಕೆ ತುಸು ಹೆಚ್ಚೇ ಹೋದರು. ಘಟಪ್ರಭಾ ಸ್ಟೇಶನ್ನಿನಲ್ಲೇ ಇಳಿದುಬಿಟ್ಟಿದ್ದರೆ ವಾದ ನಿಲ್ಲುತ್ತಿತ್ತು.

ಶಬ್ದಕ್ಕಿಂತ ದ್ರವ್ಯ ಹೆಚ್ಚು ನಂಬಿಕಸ್ಥ. ಬೇಸಿಗೆ ಬಂತೆಂದರೆ ಈ ಸೀಮೆಯ ಹೆಂಗಸರು ಜವೆ ಗೋಧಿಯ ಹಿಟ್ಟನ್ನು ನಾದಿ, ಇಳಿಜಾರಾಗಿ ನಿಲ್ಲಿಸಿದ ಶಾವಿಗಿ ಮಣೆಯ ಮೇಲೆ ಅಂಗೈಯಿಂದ ಹೊಸೆದು, ಕೆಳಗಿಳಿಯುವ ಎಳೆಯನ್ನು ಹರಿಯದಂತೆ ಹಿಡಿದು ಕೋಲಿನ ಮೇಲೆ ಒಣಹಾಕುತ್ತಿದ್ದರು. ರಾಮೆನ್ ಎಳೆ ಹಳದಿಯಾಗಿ, ಹಲ್ಲಿಗೆ ತುಸು ಎದುರಾಡುವಂತೆ ಇರಲು ಜಪಾನಿನವರು ‘ಕಾನ್ಸುಯಿ’ ಎಂಬ ಕ್ಷಾರದ ನೀರು ಬೆರೆಸುತ್ತಾರೆ. ಅದರಲ್ಲಿರುವುದು ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟು. ನಮ್ಮಲ್ಲಿ ಹಪ್ಪಳದ ಹಿಟ್ಟಿಗೆ ಬೀಳುವ ಪಾಪಡಖಾರ ಇದೇ ಕುಲದ್ದು. ಶಾವಿಗಿಯ ಬುಟ್ಟಿ ಮತ್ತು ಹಪ್ಪಳದ ಡಬ್ಬಿ ಒಂದೇ ಅಟ್ಟದ ಮೇಲೆ ಇರುತ್ತವೆಂಬುದನ್ನು ಗಮನಿಸಿದರೆ ಸಂಶೋಧನೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಸಾರಿನ ಮಾತು ಉಳಿದಿದೆ, ಅದೇ ಮುಖ್ಯ. ಹೋಳಿಗೆಗೆಂದು ಕಡಲೆಬೇಳೆ ಬೇಯಿಸಿ ಬಸಿದಾಗ ಉಳಿಯುವ ನೀರೇ ಕಟ್ಟು. ಅದಕ್ಕೆ ಹುರಿದ ಒಣಕೊಬ್ಬರಿ, ಹುಣಸೆ, ಬೆಲ್ಲ, ಒಂದು ಮುಟಿಗೆ ಹೂರಣ, ಸಂಕೇಶ್ವರದ ಮೆಣಸಿನಕಾಯಿಯ ಖಾರ ಬಿದ್ದು, ಬೆಳ್ಳುಳ್ಳಿಯ ಒಗ್ಗರಣೆಯಾದರೆ ಕಟ್ಟಿನ ಸಾರು. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನಿಂದ 52 ಮೀಟರ್ ಕೆಳಗೆ ಬೀಳುವ ಘಟಪ್ರಭೆಯ ಬಣ್ಣವೂ ಇದೇ, ಮೀಸೊ ರಾಮೆನ್ನಿನ ಬಣ್ಣವೂ ಇದೇ. ಮೂರೂ ಕಾಕತಾಳೀಯವೆನ್ನುವವರು ಮೂರನ್ನೂ ಒಟ್ಟಿಗೆ ನೋಡಿಲ್ಲ. ಕೊಂಬು ಎಂಬ ಸಮುದ್ರಪಾಚಿಯ ಕಷಾಯದಲ್ಲಿನ ರುಚಿಯನ್ನು 1908ರಲ್ಲಿ ಕಿಕುನಾಏ ಇಕೆದಾ ಬೇರ್ಪಡಿಸಿ ‘ಉಮಾಮಿ’ ಎಂದು ಹೆಸರಿಟ್ಟರು. ನಮ್ಮವರು ಹೆಸರಿಡುವ ಗೋಜಿಗೆ ಹೋಗದೆ ಇನ್ನೊಂದು ಸೌಟು ಹಾಕಿಸಿಕೊಂಡರು. ವಿಜ್ಞಾನದಲ್ಲಿ ನಾವು ಹಿಂದುಳಿದದ್ದು ಹೀಗೆ.

ಇಲ್ಲಿಂದ ಅಲ್ಲಿಗೆ ಹೋದದ್ದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. 1893ರಲ್ಲಿ ಜಪಾನಿನ ನಿಪ್ಪಾನ್ ಯೂಸೆನ್ ಹಡಗು ಕಂಪನಿ ಮುಂಬಯಿಗೂ ಕೋಬೆಗೂ ನಡುವೆ ನಿಯಮಿತ ಸಂಚಾರ ಆರಂಭಿಸಿತು; ಹೇರಿದ ಸರಕು ಮುಖ್ಯವಾಗಿ ಭಾರತದ ಹತ್ತಿ. ಹತ್ತಿ ಕರಿನೆಲದ ಬೆಳೆ, ಕರಿನೆಲ ನಮ್ಮದು, ಅಂಡಿಗೆ ಹೊಲಿದವನು ಬುತ್ತಿ ಮರೆಯುವುದು ಲೋಕರೂಢಿ. ಟೋಕಿಯೋದ ಅಸಾಕುಸದಲ್ಲಿ ಮೊದಲ ರಾಮೆನ್ ಅಂಗಡಿಯೆಂದು ಹೆಸರಾದ ರೈರೈಕೆನ್ ತೆರೆದದ್ದು 1910ರಲ್ಲಿ. ನಡುವಿನ 17 ವರ್ಷ ಮಸಾಲೆ ಹೊಂದಿಕೊಳ್ಳಲು ಹಿಡಿದ ಕಾಲ. ಇನ್ನು, ಗೋಕಾಕದ ಗಿರಣಿ 1885ರದು, ಫಾಲ್ಸಿನ ನೀರಿನಿಂದ ಅಲ್ಲಿ ವಿದ್ಯುತ್ತು ತೆಗೆದದ್ದು 1887ರಲ್ಲಿ. ರೈರೈಕೆನ್‌ನಲ್ಲಿ ಒಲೆ ಹೊತ್ತುವ ಮೊದಲೇ ನಮ್ಮಲ್ಲಿ ದೀಪ ಹೊತ್ತಿತ್ತು. ಇದರಿಂದ ಏನೂ ಸಿದ್ಧವಾಗುವುದಿಲ್ಲ, ಆದರೆ ಇಂಥ ಪ್ರಬಂಧಗಳಲ್ಲಿ ಹೇಳದೆ ಬಿಡುವ ಪದ್ಧತಿಯಿಲ್ಲ.

ಆಕ್ಷೇಪಗಳು ಬರಲಿವೆ. ರೈರೈಕೆನ್‌ನ ಬಾಣಸಿಗರು ಯೊಕೊಹಾಮಾದಿಂದ ಬಂದ ಚೀನೀಯರು, ಆ ತಿನಿಸಿಗೆ ಆಗ ‘ಚೀನದ ಸೊಬಾ’ ಎಂದೇ ಹೆಸರಿತ್ತು ಎನ್ನುವರು. ನಿಜವೇ. ಆದರೆ ಬಡಿಸಿದವನು ಅಡುಗೆಯ ಮೂಲಪುರುಷನಾಗಬೇಕೆಂದಿದ್ದರೆ ಬೆಂಗಳೂರಿನ ಗೋಬಿ ಮಂಚೂರಿಯ ಗತಿ ಏನು? ಎರಡನೆಯ ಆಕ್ಷೇಪ ತುಸು ಗಟ್ಟಿ: ರಾಮೆನ್ ಸಾರು ಹಂದಿಯ ಎಲುಬಿನದು, ಹೋಳಿಗೆಯ ಮನೆಯಲ್ಲಿ ಅದಕ್ಕೆ ಪ್ರವೇಶವಿಲ್ಲ. ಇದಕ್ಕೆ ಉತ್ತರ ತತ್ತ್ವದಲ್ಲಿದೆ. ಎರಡೂ ಕಡೆ ಸಾರು ಹುಟ್ಟುವುದು ಮುಖ್ಯ ಪದಾರ್ಥ ಬೇರೆಡೆ ಹೋದ ಮೇಲೆ ಉಳಿದದ್ದರಿಂದ. ಅಲ್ಲಿ ಮಾಂಸ ಹೋಗಿ ಎಲುಬು ಉಳಿಯಿತು, ಇಲ್ಲಿ ಬೇಳೆ ಹೋಗಿ ನೀರು ಉಳಿಯಿತು. ಮೂರನೆಯದು ಮಾರಕವೆನಿಸುವ ಆಕ್ಷೇಪ: ಅರಭಾವಿಯಲ್ಲಿ ಶಾವಿಗಿಯನ್ನು ಯಾರೂ ಸಾರಿಗೆ ಹಾಕುವುದಿಲ್ಲ, ಬಸಿದು ಹಾಲು, ಸಕ್ಕರೆ, ತುಪ್ಪ ಹಾಕಿಕೊಂಡು ಉಣ್ಣುತ್ತಾರೆ. ಈ ಆಕ್ಷೇಪವೇ ನಮ್ಮ ಪ್ರಬಲ ಸಾಕ್ಷಿ. ಕ್ಯೂಷುವಿನವರು ತೊಂಕೋತ್ಸು ರಾಮೆನ್ನಿಗಾಗಿ ಎಲುಬನ್ನು ತಾಸುಗಟ್ಟಲೆ ಕುದಿಸಿ, ಹಾಲಿನಷ್ಟು ಬಿಳುಪು ಬರುವವರೆಗೆ ಬಿಡುವುದಿಲ್ಲವೇಕೆ? ಶಾವಿಗಿಗೆ ಬಿಳಿಯದು ಬೇಕೆಂದು ಯಾರೋ ಹೇಳಿ ಕಳಿಸಿದ್ದರು, ಎಮ್ಮೆ ಕಳಿಸಿರಲಿಲ್ಲ. ಗೋಕಾಕಕ್ಕೆ ಕರದಂಟು ಸಾಲದೇ, ರಾಮೆನ್ನೂ ಬೇಕೇ ಎಂದು ಕೇಳುವವರಿಗೆ: ಕರದಂಟಿಗೆ ಡಬ್ಬಿ ಇದೆ, ಅಂಗಡಿ ಇದೆ, ಹೆಸರಿದೆ. ಸಾರಿಗೆ ಪಾತ್ರೆಯ ಹೊರತು ಬೇರೆ ವಿಳಾಸವಿಲ್ಲ.

ಊಟದ ಆಚಾರ ನೋಡಿದರೆ ನಂಟು ಇನ್ನೂ ಸ್ಪಷ್ಟ. ರಾಮೆನ್ನನ್ನು ಸೊರ್ ಎಂದು ಸದ್ದು ಮಾಡಿ ಸುರಿಯುವುದೇ ಮರ್ಯಾದೆ. ಪರದೇಶದವರು ಅದನ್ನು ಕಷ್ಟಪಟ್ಟು ಕಲಿಯುತ್ತಾರೆ. ಬಶಿಯಲ್ಲಿ ಚಹಾ ಸುರಿದು ಬೆಳೆದವರಿಗೆ ಈ ಪಾಠ ಬೇಡ. ಇಚಿರಾನ್ ಎಂಬ ಜಪಾನೀ ಹೋಟೆಲುಗಳಲ್ಲಿ ರುಚಿಯ ಮೇಲೆ ಮನಸ್ಸು ನಿಲ್ಲಲೆಂದು ಉಣ್ಣುವವರ ನಡುವೆ ಹಲಗೆ ಅಡ್ಡವಿಟ್ಟಿದ್ದಾರೆ. ಉಣ್ಣುವಾಗ ಮಾತಾಡಬ್ಯಾಡ್ರಿ ಎಂದು ಗದರುವ ಒಬ್ಬ ಆಯಿ ಇದ್ದರೆ ಬಡಗಿಯ ಖರ್ಚು ಉಳಿಯುತ್ತಿತ್ತು. ವ್ಯತ್ಯಾಸವಿರುವುದು ಲೆಕ್ಕದ ಚೀಟಿಯಲ್ಲಿ. ಪರದೇಶದ ರಾಮೆನ್ ಮನೆಯಲ್ಲಿ ಮೊಟ್ಟೆಗೆ ಬೇರೆ ದುಡ್ಡು, ಪಾಚಿಯ ಹಾಳೆಗೆ ಬೇರೆ, ಎರಡನೇ ಸಲ ಎಳೆ ಹಾಕಿಸಿಕೊಂಡರೆ ಬೇರೆ. ಗೋಕಾಕದ ಖಾನಾವಳಿಯಲ್ಲಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಮೆಂತೆ ಸೊಪ್ಪು, ಮೊಸರು ಕೇಳದೆ ಬರುತ್ತವೆ. ಸಾರಂತೂ ಬೇಡವೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿನಲ್ಲಿ ಬೀಳುತ್ತದೆ. ರಾಮೆನ್ ಕೂಡ ಒಂದು ಕಾಲಕ್ಕೆ ಕೂಲಿಯವರ, ತಳ್ಳುಗಾಡಿಯ ತಿನಿಸೇ. ಟೋಕಿಯೋದ ತ್ಸುತಾ ಎಂಬ ಪುಟ್ಟ ಅಂಗಡಿಗೆ 2015ರ ಕೊನೆಗೆ ಮಿಶೆಲಿನ್ ನಕ್ಷತ್ರ ಸಿಕ್ಕಿತು, ಮುಂದೆ ಸರದಿಯ ಸಾಲು ಬೆಳೆಯಿತು. ಕಟ್ಟಿನ ಸಾರಿಗೆ ನಕ್ಷತ್ರ ಸಿಗದಿರಲು ಕಾರಣ ರುಚಿಯಲ್ಲ: ಅದಕ್ಕೆ ಬೆಲೆಪಟ್ಟಿಯಲ್ಲಿ ಪ್ರತ್ಯೇಕ ಸಾಲೇ ಇಲ್ಲ. ಬೆಲೆಯಿಲ್ಲದ್ದನ್ನು ತೂಗಲು ಪರೀಕ್ಷಕರ ಬಳಿ ತಕ್ಕಡಿಯಿಲ್ಲ.

ಉಳಿದದ್ದು ಕಡ್ಡಿಗಳ ವಿಷಯ. ಹೀಗೆ ಎಲ್ಲವೂ ಇಲ್ಲಿಂದ ಹೋದದ್ದಾದರೆ ಅವರು ಕೈಯಿಂದ ಉಣ್ಣದೆ ಎರಡು ಕಡ್ಡಿಗಳಿಂದ ಉಣ್ಣುವುದೇಕೆ ಎಂದು ಕೊನೆಯವರೆಗೂ ಕಾದು ಕೇಳುವ ಓದುಗರಿರುತ್ತಾರೆ. ಕಡ್ಡಿಗಳು ಚೀನದಲ್ಲಿ ಸಾವಿರಾರು ವರ್ಷಗಳಿಂದ ಇವೆ ಎಂಬುದನ್ನು ಈ ಪ್ರಬಂಧ ನೋಡಿಯೂ ನೋಡದಂತೆ ದಾಟುತ್ತದೆ. ಶಾವಿಗಿ ಒಣಹಾಕುವುದು ಕೋಲಿನ ಮೇಲೆಂದು ಮೇಲೆಯೇ ಹೇಳಲಾಗಿದೆ. ಅವಸರದಲ್ಲಿ ಗಂಟು ಕಟ್ಟಿದವರು ಕೋಲು ಬಿಡಿಸದೆ ಹಾಗೆಯೇ ಹತ್ತಿಯ ಅಂಡಿಗೆಯೊಳಗೆ ತುರುಕಿರಬೇಕು. ಕೋಬೆಯಲ್ಲಿ ಗಂಟು ಬಿಚ್ಚಿದವರು ಸಭ್ಯರು. ಕಳಿಸಿದವರು ಕಳಿಸಿದ್ದನ್ನು ಎಸೆಯಬಾರದೆಂದು ಅದರಲ್ಲೇ ಉಣ್ಣತೊಡಗಿದರು.