ಮರಿ ಕರಡಿಯೂ ಮಾವನ ಸ್ಟ್ರೀಟೂ

"ಅಮ್ಮಾ, ಇದು ನಿಂಗೆ ಖಂಡಿತ ಇಷ್ಟ ಆಗತ್ತೆ. ಇದ್ರಲ್ಲಿ ಏನೂ ಆಗಲ್ಲ" ಎಂದಳು ಮಗಳು.

ಧಾರಾವಾಹಿಯೊಂದನ್ನು ಹೀಗೂ ಹೊಗಳಬಹುದೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಟಿವಿಯಲ್ಲಿ ಏನೇನೆಲ್ಲ ಆಗುತ್ತದೆ! ಪಾಯಸಕ್ಕೆ ವಿಷ ಬೆರೆಸುವವರು, ಮದುವೆಯ ಹಿಂದಿನ ದಿನ ನೆನಪು ಕಳೆದುಕೊಳ್ಳುವವರು, ಸತ್ತು ಬೇರೆ ಮುಖ ಹೊತ್ತು ವಾಪಸ್ಸು ಬರುವವರು. ಇಷ್ಟೆಲ್ಲ ಆದರೂ ಕತೆ ಇದ್ದಲ್ಲೇ ಇರುತ್ತದೆ. ಮಗಳು ತೋರಿಸಿದ್ದರಲ್ಲಿ ಏನೂ ಆಗುವುದಿಲ್ಲ, ಆದರೂ ಹನ್ನೆರಡು ಕಂತು ಮುಗಿಯುವಷ್ಟರಲ್ಲಿ ಹುಡುಗಿ ಮನೆಯಿಂದ ಸಾವಿರ ಕಿಲೋಮೀಟರಿಗೂ ಆಚೆ ಹೋಗಿ ನಿಂತಿರುತ್ತಾಳೆ.

ಹೆಸರು ‘ಸೂಪರ್ ಕಬ್’, ಹೋಂಡಾ ಕಂಪನಿಯ ಗಾಡಿಯೊಂದರ ಹೆಸರೇ. 2021ರಲ್ಲಿ ಬಂದ ಜಪಾನಿನ ಅನಿಮೆ. ಟೋನೆ ಕೋಕೆನ್ ಎಂಬ ಲೇಖಕರ ಕಾದಂಬರಿ ಮಾಲೆ ಇದಕ್ಕೆ ಮೂಲ. ಅನಿಮೆ ಎಂದರೆ ದೊಡ್ಡ ಕಣ್ಣಿನ, ನೀಲಿ ಕೂದಲಿನ ಮಕ್ಕಳು ಕಿರುಚಿಕೊಂಡು ಹೊಡೆದಾಡುವುದು ಎಂದೇ ನಾನು ತಿಳಿದಿದ್ದೆ. ಇಲ್ಲಿಯೂ ಕಣ್ಣು ದೊಡ್ಡದೇ. ನೀಲಿ ಕೂದಲಿನವಳೂ ಒಬ್ಬಳು ಆಮೇಲೆ ಬರುತ್ತಾಳೆ. ಕಿರುಚಾಟ ಮಾತ್ರ ಇಲ್ಲ. ಹುಡುಗಿ ಏಳುತ್ತಾಳೆ, ಅನ್ನ ಡಬ್ಬಿಗೆ ತುಂಬುತ್ತಾಳೆ, ಸೈಕಲ್ ತುಳಿದು ಶಾಲೆಗೆ ಹೋಗುತ್ತಾಳೆ. ಹಿನ್ನೆಲೆಯಲ್ಲಿ ಡೆಬ್ಯುಸಿಯ ಪಿಯಾನೊ. ಮೊದಲ ಹತ್ತು ನಿಮಿಷ ನಾನು ಅವರೆಕಾಯಿ ಸುಲಿಯುತ್ತಾ ನೋಡಿದೆ. ಆಮೇಲೆ ಕೈ ತಾನಾಗಿಯೇ ನಿಂತಿತು.

ಹುಡುಗಿಯ ಹೆಸರು ಕೊಗುಮಾ. ಹಾಗೆಂದರೆ ಮರಿ ಕರಡಿ. ಇಂಗ್ಲಿಷಿನ ಕಬ್ ಎಂಬುದಕ್ಕೂ ಕರಡಿ ಮರಿ ಎಂಬ ಅರ್ಥ ಉಂಟಲ್ಲ, ಹಾಗಾಗಿ ಹುಡುಗಿಯ ಹೆಸರೂ ಗಾಡಿಯ ಹೆಸರೂ ಒಂದೇ ಆಯಿತು. ಊರು ಯಮಾನಾಶಿ ಪ್ರಾಂತ್ಯದ ಹೊಕುಟೊ. ಸುತ್ತ ಬೆಟ್ಟ, ಎಲ್ಲಿಗೆ ಹೋಗಬೇಕಾದರೂ ಏರು ಇಲ್ಲವೇ ಇಳಿಜಾರು. ಅಪ್ಪ ತೀರಿಕೊಂಡಿದ್ದಾನೆ, ಅಮ್ಮ ಒಂದು ಚೀಟಿ ಬರೆದಿಟ್ಟು ಎಲ್ಲಿಗೋ ಹೊರಟುಹೋಗಿದ್ದಾಳೆ. ವಿದ್ಯಾರ್ಥಿವೇತನದಲ್ಲಿ ಒಬ್ಬಳೇ ಇದ್ದಾಳೆ. ಗೆಳತಿಯರಿಲ್ಲ, ಹವ್ಯಾಸವಿಲ್ಲ, ಮುಂದೇನು ಎಂಬ ಯೋಚನೆಯೂ ಇಲ್ಲ. ಹೀಗಿರುವವಳನ್ನು ನಮ್ಮ ಧಾರಾವಾಹಿಯವರ ಕೈಗೆ ಕೊಟ್ಟಿದ್ದರೆ ಮೊದಲ ಕಂತಿಗೇ ಮೂರು ಬಕೆಟ್ ಕಣ್ಣೀರು ತೆಗೆಯುತ್ತಿದ್ದರು. ಇವರು ಅದನ್ನೆಲ್ಲ ಬಸ್ ಟಿಕೆಟ್ಟಿನ ದರ ಹೇಳುವ ಹಾಗೆ ಹೇಳಿ ಮುಂದಕ್ಕೆ ಹೋಗುತ್ತಾರೆ.

ಸೈಕಲ್ಲಿನಲ್ಲಿ ಏರು ಹತ್ತಿ ಸಾಕಾಗಿ ಅವಳು ಗಾಡಿ ಅಂಗಡಿಗೆ ಹೋಗುತ್ತಾಳೆ. ಅಂಗಡಿಯ ಮುದುಕ ಒಂದು ಹಳೆಯ ಐವತ್ತು ಸಿಸಿ ಸೂಪರ್ ಕಬ್ ತೋರಿಸುತ್ತಾನೆ. ಬೆಲೆ ಹತ್ತು ಸಾವಿರ ಯೆನ್, ಅಂದರೆ ಆಗಿನ ಲೆಕ್ಕಕ್ಕೆ ನಮ್ಮ ಆರೇಳು ಸಾವಿರ ರೂಪಾಯಿ. ಇಷ್ಟು ಅಗ್ಗ ಏಕೆಂದರೆ, ಈ ಗಾಡಿಯಿಂದ ಮೂರು ಜನ ಸತ್ತಿದ್ದಾರಂತೆ. ಹುಡುಗಿ ಒಂದು ಗಳಿಗೆ ಸುಮ್ಮನಿದ್ದು ದುಡ್ಡು ಎಣಿಸುತ್ತಾಳೆ! ನಾನು ಅವರೆಕಾಯಿಯ ಮೊರ ಕೆಳಗಿಟ್ಟೆ. ನಮ್ಮ ಕಡೆ ಮೂವರನ್ನು ನುಂಗಿದ ಗಾಡಿ ಎಂದರೆ ನಿಂಬೆಹಣ್ಣು, ಕುಂಬಳಕಾಯಿ, ಶನಿಮಹಾತ್ಮನ ಗುಡಿ ಎಲ್ಲ ಆದ ಮೇಲೂ ಪಕ್ಕದ ಮನೆಯವರು ಅದರ ಮೇಲೆ ಬಟ್ಟೆ ಕೂಡ ಒಣಹಾಕುವುದಿಲ್ಲ. ಕೊಗುಮಾಗೆ ಭಯವಿಲ್ಲವೆಂದಲ್ಲ, ಅವಳ ಹತ್ತಿರ ಇರುವುದೇ ಅಷ್ಟು ದುಡ್ಡು. ಬಡತನಕ್ಕೆ ದೆವ್ವದ ಹೆದರಿಕೆ ಕಡಿಮೆ.

ಅಲ್ಲಿಯವರೆಗೆ ಚಿತ್ರದ ಬಣ್ಣವೆಲ್ಲ ಒಗೆದು ಒಗೆದು ಮಾಸಿದ ಸೀರೆಯಂತಿರುತ್ತದೆ. ಅವಳು ಗಾಡಿ ಹತ್ತಿದಾಗ ಆಕಾಶ ನೀಲಿಯಾಗುತ್ತದೆ, ಮರ ಹಸಿರಾಗುತ್ತದೆ, ಕೆನ್ನೆಗೂ ರಂಗು ಬರುತ್ತದೆ. "ಟಿವಿ ಸರಿಯಾಯ್ತು ನೋಡು" ಎಂದೆ. ಮಗಳು ನನ್ನ ಕಡೆ ಒಂದು ನೋಟ ಬೀರಿದಳು, ಮಾತಾಡಲಿಲ್ಲ.

ಅದೇ ಕಂತಿನಲ್ಲಿ, ರಾತ್ರಿ ನಿದ್ದೆ ಬಾರದೆ ಗಾಡಿ ತೆಗೆದುಕೊಂಡು ಹೊರಟವಳಿಗೆ ಮನೆಯಿಂದ ದೂರದಲ್ಲಿ ಅದು ಕೈಕೊಡುತ್ತದೆ. ಎಷ್ಟು ಕಿಕ್ ಹೊಡೆದರೂ ಏಳುವುದಿಲ್ಲ. ಸುತ್ತ ಯಾರೂ ಇಲ್ಲ. ಕೊನೆಗೆ ಪೆಟ್ರೋಲ್ ಮುಗಿದಿದೆ ಎಂದು ಗೊತ್ತಾಗಿ ತಳದಲ್ಲಿ ಉಳಿದದ್ದು ಇಳಿಯುವಂತೆ ಟ್ಯಾಂಕಿನ ಕಾಕನ್ನು ರಿಸರ್ವ್‌ಗೆ ತಿರುಗಿಸುತ್ತಾಳೆ. ಗಾಡಿ ಏಳುತ್ತದೆ. ಇಷ್ಟೇ ಆ ಕಂತಿನ ಮಹಾ ಸಂಕಟ, ಇಷ್ಟೇ ಅದರ ಪರಿಹಾರ. ಇದರಲ್ಲೇನಿದೆ ಎಂದು ಮಗಳ ವಯಸ್ಸಿನವರು ಕೇಳಬಹುದು. ನಮ್ಮ ಅಪ್ಪನ ಬಜಾಜ್ ಚೇತಕ್‌ನಲ್ಲಿ ಹಿಂದೆ ಕೂತು ಬೆಳೆದವರು ಕೇಳುವುದಿಲ್ಲ. ಸರಿಯಾಗಿ ರೈಲ್ವೆ ಗೇಟಿನ ಹತ್ತಿರವೇ ಅದು ರಿಸರ್ವ್‌ಗೆ ಬೀಳುತ್ತಿತ್ತು. ಅಪ್ಪ ನಮ್ಮನ್ನೆಲ್ಲ ಕೆಳಗಿಳಿಸಿ, ಕಾಕ್ ತಿರುಗಿಸಿ, ಆಗಲೂ ಏಳದಿದ್ದರೆ ಗಾಡಿಯನ್ನು ಒಂದು ಕಡೆಗೆ ವಾಲಿಸಿ ಹಸುಗೂಸಿನ ಬೆನ್ನು ತಟ್ಟುವಂತೆ ಅಲುಗಾಡಿಸುತ್ತಿದ್ದರು. ತಳದಲ್ಲೆಲ್ಲೋ ಗುಳುಗುಳು ಸದ್ದು ಕೇಳಿದರೆ ಅವರ ಮುಖದಲ್ಲಿ ನಗು. ಇನ್ನೂ ಸ್ವಲ್ಪ ಇದೆ ಎಂದು ತಿಳಿಯುವುದರಲ್ಲಿ ಇರುವ ನೆಮ್ಮದಿ ಟ್ಯಾಂಕ್ ತುಂಬಿಸಿದಾಗಲೂ ಇರುವುದಿಲ್ಲ.

ಈ ಕಬ್ಬಿನ ಹುಟ್ಟಿನಲ್ಲೂ ಒಂದು ಅಡುಗೆಮನೆಯ ಕತೆ ಇದೆ. ಹೋಂಡಾ ಕಂಪನಿಯ ಇಂಜಿನ್ ತಲೆ ಸೋಯಿಚಿರೋ ಹೋಂಡಾ. ವ್ಯಾಪಾರದ ತಲೆ ಟಾಕೆಯೊ ಫುಜಿಸಾವಾ. ಇಬ್ಬರೂ 1956ರಲ್ಲಿ ಯುರೋಪು ಸುತ್ತಿ ಅಲ್ಲಿಯ ಮೊಪೆಡ್ಡುಗಳನ್ನು ನೋಡಿ ಬಂದರು. ಸೋಬಾ ಶಾವಿಗೆಯ ಅಂಗಡಿಯ ಹುಡುಗ ಒಂದು ಕೈಯಲ್ಲಿ ಊಟದ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುವಂಥ ಗಾಡಿ ಬೇಕು ಎಂಬುದು ಫುಜಿಸಾವಾರ ಹಟ. ಅದಕ್ಕಾಗಿಯೇ ಎಡಗೈಯ ಕ್ಲಚ್ ತೆಗೆದು, ಕಾಲಿನಲ್ಲಿ ಗೇರ್ ಒತ್ತಿದರೆ ಕ್ಲಚ್ ತಾನೇ ಬಿಡುವ ವ್ಯವಸ್ಥೆ ಬಂತು. ಸ್ಕರ್ಟ್ ಹಾಕಿದವರೂ ಕಾಲು ಎತ್ತದೆ ಹತ್ತಲು ನಡುವೆ ಜಾಗ ಬಂತು. ಕೆಸರು ಹಾರದಂತೆ ಮುಂದೆ ಪ್ಲಾಸ್ಟಿಕ್ಕಿನ ತಡೆ. 1958ರಲ್ಲಿ ಮಾರುಕಟ್ಟೆಗೆ ಇಳಿದ ಈ ಗಾಡಿ 2017ರಲ್ಲಿ ಹತ್ತು ಕೋಟಿ ದಾಟಿತು. ಇಂಜಿನ್ ಇರುವ ಬೇರೆ ಯಾವ ವಾಹನವೂ ಅಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ.

ಆ ಹತ್ತು ಕೋಟಿಗೆ ಹತ್ತಿರದ ನೆಂಟನೊಬ್ಬ ತಿಪಟೂರಿನ ನಮ್ಮ ಮನೆಯಲ್ಲೂ ಇದ್ದ. 1997ರಲ್ಲಿ ಹೀರೋ ಹೋಂಡಾದವರು ‘ಸ್ಟ್ರೀಟ್’ ಎಂಬ ಗಾಡಿ ಬಿಟ್ಟರು, ಕಬ್ಬಿನ ವಂಶದ್ದೇ. ಮೇಷ್ಟರ ಕೆಲಸದಿಂದ ನಿವೃತ್ತರಾದ ನಮ್ಮ ಮಾವ ಅದನ್ನು ತಂದರು. ಬೀದಿಯವರೆಲ್ಲ ಬಂದು ಸುತ್ತ ನಿಂತು ನೋಡಿ, ಇದು ಸ್ಕೂಟರೋ ಬೈಕೋ ಎಂದು ಕೇಳಿದರು. ಮಾವ "ಎರಡೂ" ಎಂದರು. ಊರು "ಎರಡೂ ಅಲ್ಲ" ಎಂದು ತೀರ್ಮಾನಿಸಿತು. ಆ ತೀರ್ಮಾನವೇ ದೇಶದ ತೀರ್ಮಾನವೂ ಆಯಿತು, ಗಾಡಿ ನಮ್ಮಲ್ಲಿ ಓಡಲಿಲ್ಲ. ನನಗನ್ನಿಸುವಂತೆ ಕಾರಣ ಇಷ್ಟೆ: ಗೌರವಕ್ಕೆ ಬೈಕು ಇತ್ತು, ಸಂಸಾರಕ್ಕೆ ಸ್ಕೂಟರ್ ಇತ್ತು, ಹಾಲಿನ ಕ್ಯಾನಿಗೆ ಮೊಪೆಡ್ ಇತ್ತು. ಶಾವಿಗೆ ತಟ್ಟೆ ಹಿಡಿದು ಗಾಡಿ ಓಡಿಸುವವರು ತಿಪಟೂರಿನಲ್ಲಿ ಯಾರಿದ್ದರು?

ನಾನಿದ್ದೆ. "ಎಡಗೈಗೆ ಕೆಲಸ ಇಲ್ಲ ಕಣಮ್ಮ, ನೀನೇ ಓಡಿಸ್ಬೋದು" ಎಂದು ಮಾವ ಒಂದು ದಿನ ಕೀ ಕೈಗಿಟ್ಟರು. ಅತ್ತೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದರು. ಸೀರೆಯಲ್ಲೇ ಹತ್ತಿದೆ. ನಡುವೆ ಜಾಗ ಇದ್ದುದರಿಂದ ಮರ್ಯಾದೆಗೇನೂ ಧಕ್ಕೆಯಾಗಲಿಲ್ಲ. ಮೊದಲ ಪಯಣ ಹಿಟ್ಟಿನ ಗಿರಣಿಗೆ. ಕಾಲ ಹತ್ತಿರ ಐದು ಸೇರು ರಾಗಿಯ ಚೀಲ. ಫುಜಿಸಾವಾ ಜಪಾನಿನ ಹುಡುಗನಿಗಾಗಿ ಬಿಡುವು ಮಾಡಿಕೊಟ್ಟ ಎಡಗೈ ನನಗೆ ಗಾಳಿಗೆ ಹಾರುವ ಸೆರಗು ಹಿಡಿಯಲು ಒದಗಿತು. ಹಾಗೆ ಹಿಡಿಯಬಾರದು, ಎರಡೂ ಕೈ ಹ್ಯಾಂಡಲ್ ಮೇಲೇ ಇರಬೇಕು. ಮಗಳು ಇದನ್ನು ಓದುತ್ತಾಳಾದ್ದರಿಂದ ಹೇಳುತ್ತಿದ್ದೇನೆ.

ಅದಕ್ಕೇ ಕೊಗುಮಾಳ ಪ್ರಯಾಣಗಳು ನನಗೆ ಹಿಡಿಸಿದವು. ಮೊದಮೊದಲು ಅವಳು ಹೋಗುವುದು ಶಾಲೆಗೆ, ಅಂಗಡಿಗೆ. ಕಣ್ಣಿಗೆ ಹುಳ ಬಡಿಯುತ್ತದೆ, ಅದಕ್ಕೊಂದು ಉಪಾಯ ಬೇಕು. ಮಳೆ ಬಂತು, ರೇನ್‌ಕೋಟ್ ಬೇಕು. ದುಡ್ಡಿಲ್ಲ, ಆದ್ದರಿಂದ ರಜೆಯಲ್ಲಿ ಕೋಫು ಊರಿನ ಶಾಲೆಗೆ ಕಾಗದಪತ್ರ ಮುಟ್ಟಿಸುವ ಕೆಲಸ. ಚಳಿಗೆ ಹ್ಯಾಂಡಲ್ ಕವರ್ ಹಾಕಿಸಬೇಕೋ ಬೇಡವೋ ಎಂಬುದರ ಮೇಲೆ ದೀರ್ಘ ಚರ್ಚೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಬೆರಳು ಮರಗಟ್ಟಿದ ಮೇಲೆ ಅಂದಚೆಂದದ ಮಾತು ಯಾರಿಗೆ ಬೇಕು? ಒಂದು ರೂಪಾಯಿಗೂ ಲೆಕ್ಕ ಇಡುವ ಮನೆಯಲ್ಲಿ ಹೊಸ ಸಾಮಾನು ಬಂದಾಗ ಅದರ ಸುತ್ತ ಕೂತು ಸಂಭ್ರಮಿಸುತ್ತೇವಲ್ಲ, ಆ ಸಂಭ್ರಮವನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಇನ್ನೊಂದು ಚಿತ್ರ ನಾನು ನೋಡಿಲ್ಲ.

ಜಪಾನಿನಲ್ಲಿ ಐವತ್ತು ಸಿಸಿ ಗಾಡಿಗೆ ನಿಯಮಗಳ ಕಾಟ. ಗಂಟೆಗೆ ಮೂವತ್ತು ಕಿಲೋಮೀಟರ್ ಮೀರುವಂತಿಲ್ಲ, ಹಿಂದೆ ಯಾರನ್ನೂ ಕೂರಿಸುವಂತಿಲ್ಲ. ಕೊಗುಮಾ ಇಂಜಿನ್ ಬೋರ್ ಮಾಡಿಸಿ ಅದನ್ನು ಐವತ್ತೆರಡು ಸಿಸಿಗೆ ಏರಿಸುತ್ತಾಳೆ; ಬಿಳಿ ನಂಬರ್ ಪ್ಲೇಟ್ ಹೋಗಿ ಹಳದಿ ಪ್ಲೇಟ್ ಬರುತ್ತದೆ, ಅರವತ್ತರಲ್ಲಿ ಹೋಗಬಹುದು. ಎರಡೇ ಎರಡು ಸಿಸಿ! ಅದರಿಂದ ಒಬ್ಬಳ ಲೋಕ ಇಮ್ಮಡಿಯಾಗುವುದನ್ನು ಕಂಡು, ಮನೆಯಲ್ಲಿ ಬೋರ್ ಎಂಬ ಪದಕ್ಕೆ ಕೊಳವೆ ಬಾವಿಯ ಅರ್ಥವೊಂದನ್ನೇ ಬಲ್ಲ ನಮ್ಮ ಯಜಮಾನರೂ ಬಂದು ಕೂತರು.

ಅವಳಿಗೆ ಸಿಗುವ ಮೊದಲ ಗೆಳತಿ ರೇಕೊ. ಅಂಚೆಯವರ ಹಳೆಯ ಕಬ್ ಹತ್ತಿ ಫುಜಿ ಪರ್ವತದ ತುದಿ ಮುಟ್ಟುತ್ತೇನೆಂದು ಹೊರಟು, ಬಿದ್ದು, ಗಾಡಿಯನ್ನೂ ಹಾಳುಮಾಡಿಕೊಂಡು ಬರುವ ಹುಡುಗಿ. ಇಂಥವಳು ಪ್ರತಿ ಊರಿನಲ್ಲೂ ಒಬ್ಬಳು ಇರಬೇಕು, ನಮ್ಮ ಮನೆಯಲ್ಲಿ ಮಾತ್ರ ಬೇಡ. ಇನ್ನೊಬ್ಬಳು ಶೀ, ಆ ನೀಲಿ ಕೂದಲಿನವಳು. ಚಳಿಗಾಲದಲ್ಲಿ ಸೈಕಲ್ ಸಮೇತ ಹಿಮದಂಥ ನೀರಿಗೆ ಬಿದ್ದು ಕೊಗುಮಾಗೆ ಫೋನ್ ಮಾಡುತ್ತಾಳೆ. ಕೊಗುಮಾ ಬಂದು ಅವಳನ್ನು ಎತ್ತಿ ಗಾಡಿಯ ಮುಂದಿನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋಗುತ್ತಾಳೆ. "ಆಂಬುಲೆನ್ಸಿಗೆ ಫೋನ್ ಮಾಡೇ ಪೆದ್ದಿ!" ಎಂದು ನಾನು ಕೂಗಿದೆ. ಇಡೀ ಧಾರಾವಾಹಿಯಲ್ಲಿ ನನಗೆ ಸಿಟ್ಟು ಬಂದದ್ದು ಅಲ್ಲಿ. ಕಬ್ ಒಂದಿದ್ದರೆ ಎಲ್ಲಕ್ಕೂ ಪರಿಹಾರ ಎಂಬ ಮಾತು ಆ ಕಂತಿನಲ್ಲಿ ಕತೆಯಂತೆ ಕೇಳದೆ ಜಾಹೀರಾತಿನಂತೆ ಕೇಳಿಸಿತು; ತಯಾರಿಕೆಯಲ್ಲಿ ಹೋಂಡಾದವರ ಸಹಕಾರವೂ ಇತ್ತೆನ್ನಿ.

ಹುಡುಗಿಯರು ಗಾಡಿ ಹತ್ತಿ ಹೊರಡುವ ಅನಿಮೆ ಇದೊಂದೇ ಅಲ್ಲ. ‘ಕಿನೋಳ ಪಯಣ’ದಲ್ಲಿ ಕಿನೋಳ ಬೈಕು ಮಾತಾಡುತ್ತದೆ. 2017ರ ‘ಹುಡುಗಿಯರ ಕೊನೆಯ ಪ್ರವಾಸ’ದಲ್ಲಿ ಜಗತ್ತೇ ಮುಗಿದುಹೋಗಿದೆ, ಚಿಟೊ, ಯೂರಿ ಎಂಬಿಬ್ಬರು ಅರ್ಧ ಬೈಕು ಅರ್ಧ ಯುದ್ಧಟ್ಯಾಂಕಿನಂಥ ಹಳೆಯ ಸೇನೆಯ ಗಾಡಿಯಲ್ಲಿ ಊಟವನ್ನೂ ಪೆಟ್ರೋಲನ್ನೂ ಹುಡುಕುತ್ತಾ ಪಾಳು ನಗರದಲ್ಲಿ ಏರುತ್ತಾ ಹೋಗುತ್ತಾರೆ. ಚೆನ್ನಾಗಿದೆ, ಆದರೆ ರಾತ್ರಿ ನೋಡಿದರೆ ನಿದ್ದೆ ಬರುವುದಿಲ್ಲ. ಸೂಪರ್ ಕಬ್ಬಿನಲ್ಲಿ ಪೆಟ್ರೋಲ್ ಬಂಕು ಇದೆ.

ಕೊನೆಯ ಕಂತಿನಲ್ಲಿ ಮೂವರೂ ಕ್ಯೂಶೂ ದ್ವೀಪದ ದಕ್ಷಿಣ ತುದಿಯ ಸಾಟಾ ಭೂಶಿರಕ್ಕೆ ಹೊರಡುತ್ತಾರೆ. ಹೊಕುಟೊದಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ವಸಂತ ಬರುವವರೆಗೆ ಕಾಯುವ ಬದಲು ತಾವೇ ಹೋಗಿ ಅದನ್ನು ಎದುರುಗೊಳ್ಳುವ ಲೆಕ್ಕಾಚಾರ. ಕತೆ ಮುಗಿಯುವಾಗ ಚೆರ್ರಿ ಹೂ ಬಿಟ್ಟಿರುತ್ತದೆ. ಮಗಳು ನನ್ನ ಮುಖ ನೋಡುತ್ತಿದ್ದಳು. "ಹೌದು ಕಣೆ, ಏನೂ ಆಗ್ಲಿಲ್ಲ" ಎಂದು ಮೂಗು ಒರೆಸಿಕೊಂಡೆ.

ಮಗಳ ಸ್ಕೂಟರಿನಲ್ಲಿ ರಿಸರ್ವ್ ಕಾಕ್ ಇಲ್ಲ. ಫ್ಯೂಯಲ್ ಇಂಜೆಕ್ಷನ್ ಬಂದ ಮೇಲೆ ಯಾವುದರಲ್ಲೂ ಇಲ್ಲ. ಒಂದು ದೀಪ ಮಿನುಗುತ್ತದೆ, ಆಮೇಲೆ ತಳ್ಳಬೇಕು. ಜಪಾನಿನ ಕಬ್ಬಿಗೂ 2007ರಲ್ಲಿ ಈ ಇಂಜೆಕ್ಷನ್ ಬಂತು. ಹೊಗೆಯ ನಿಯಮ ಬಿಗಿಯಾದ್ದರಿಂದ ಐವತ್ತು ಸಿಸಿಯ ಕಬ್ಬನ್ನೇ ಹೋಂಡಾ 2025ರ ಮೇ ತಿಂಗಳಲ್ಲಿ ನಿಲ್ಲಿಸಿತು. ದೊಡ್ಡ ಇಂಜಿನ್ನಿನವು ಮಾತ್ರ ಈಗಲೂ ಬರುತ್ತಿವೆ. ಮಾವನ ಸ್ಟ್ರೀಟನ್ನು ಅವರು ತೀರಿಕೊಂಡ ಮರುವರ್ಷ ಗುಜರಿಯವನು ಎರಡೂವರೆ ಸಾವಿರಕ್ಕೆ ಒಯ್ದ. ಮೂರು ಜನ ಸತ್ತ ಗಾಡಿಗೆ ಅಲ್ಲಿ ಹತ್ತು ಸಾವಿರ ಯೆನ್ ಸಿಕ್ಕಿತು. ನಮ್ಮದು ಯಾರನ್ನೂ ಕೊಂದಿರಲಿಲ್ಲ.